ಚುಕ್ಕಾಣಿಗನ ಮೌನ

ತಾರೀಖು ಹನ್ನೊಂದು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಪುಟ್ಟಿಗೆ, ಅಜ್ಜನ ಮನಸಾರೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನಿನ್ನ ಹಡಗು ಬಂದರಿನ ಕಟ್ಟೆಗೆ ತಾಗಿದಾಗ ತಪ್ಪು ಆಜ್ಞೆ ಕೊಟ್ಟವಳು ನೀನೇ ಎಂದೂ, ಬುಧವಾರದ ವಿಚಾರಣೆಯಲ್ಲಿ ಚುಕ್ಕಾಣಿ ಹಿಡಿದಿದ್ದ ನಾವಿಕನನ್ನೇ ಹೊಣೆ ಮಾಡುವಂತಿದೆ ಎಂದೂ ಬರೆದಿದ್ದೀಯೆ. "ಯುದ್ಧ ಗೆದ್ದು ಬಂದೋರು ನೀವು, ಅಜ್ಜ. ನೀವಾಗಿದ್ರೆ ಏನ್ಮಾಡ್ತಿದ್ರಿ?" ಎಂದು ಕೇಳಿದ್ದೀಯೆ. ನಾನು ಏನು ಮಾಡಿದೆನೆಂಬುದನ್ನೇ ಹೇಳುತ್ತೇನೆ. ಇದು ನಿನ್ನ ಅಜ್ಜಿಗೂ ಹೇಳದ ಮಾತು.

ಅದು ಯುದ್ಧದ ಎರಡನೆಯ ವರ್ಷ. ಶತ್ರುಗಳು ಸಿಡಿಮದ್ದು ಹುದುಗಿಸಿದ್ದ ಕಿರಿದಾದ ಜಲಮಾರ್ಗ. ನನ್ನ ಹಡಗು ಮುಂದೆ, ಗಾಯಾಳುಗಳನ್ನು ಹೊತ್ತ ಎರಡು ಹಡಗುಗಳು ಹಿಂದೆ. ಮೂರು ದಿನಗಳಿಂದ ರೆಪ್ಪೆ ಮುಚ್ಚಿರಲಿಲ್ಲ. ಎಡಕ್ಕೆ ಎನ್ನಬೇಕಾದಲ್ಲಿ ಬಲಕ್ಕೆ ಎಂದೆ. ಚುಕ್ಕಾಣಿಗ ಆಜ್ಞೆಯನ್ನು ಗಟ್ಟಿಯಾಗಿ ಮರುನುಡಿದ ಮೇಲೆಯೇ ಚಕ್ರ ತಿರುಗಿಸಬೇಕೆಂಬ ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ನನಗಿಂತ ಹತ್ತು ವರ್ಷ ಹಿರಿಯನಾದ ಆತ ಬಾಯಿ ಬಿಡಲಿಲ್ಲ, ಕೈಯೂ ಕದಲಲಿಲ್ಲ. ನಾನು ಸಿಡುಕಿದೆ. "ಇನ್ನೊಂದ್ಸಲ ಹೇಳಿ ಸಾಹೇಬ್ರೇ," ಎಂದ, ಊಟಕ್ಕೆ ಕೂತವನು ಇನ್ನೊಂದಿಷ್ಟು ಬಡಿಸಿ ಎನ್ನುವಷ್ಟು ನಿರಾಳವಾಗಿ. ನಕ್ಷೆ ನೋಡಿದೆ. ಬಲಕ್ಕೆ ಹೊರಳಿದ್ದರೆ ನೇರ ಸಿಡಿಮದ್ದಿನ ಮೇಲೆ. ಎಡಕ್ಕೆ ಎಂದೆ. ಮೂರು ಹಡಗುಗಳೂ ಪಾರಾದವು.

ಆಗಷ್ಟೇ ಮೆಟ್ಟಿಲೇರಿ ಬಂದು ಆ ಮೌನವನ್ನು ಮಾತ್ರ ಕಂಡಿದ್ದ ಉಪನಾಯಕರು, ಆತ ಆಜ್ಞೆ ಪಾಲಿಸಲು ತಡಮಾಡಿದನೆಂದು ಹಡಗಿನ ದಿನಚರಿಯಲ್ಲಿ ಬರೆಯತೊಡಗಿದರು. "ಕಿವಿ ಮಂದ ಅಂತ್ಲೇ ಬರ್ಕೊಳ್ಳಿ. ಮುಳುಗಿದ್ರೆ ಬರೆಯೋಕೆ ಯಾರಿರ್ತಿದ್ರು?" ಎಂದ ಚುಕ್ಕಾಣಿಗ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಸಹಿ ಹಾಕಿದೆ. ಆತನನ್ನು ಹಗ್ಗದ ಉಗ್ರಾಣಕ್ಕೆ ಹಾಕಿದರು. ಮತ್ತೆಂದೂ ಆತ ಚಕ್ರ ಮುಟ್ಟಲಿಲ್ಲ. ನನಗೆ ಪದಕ ಬಂತು, ಬಡ್ತಿಯ ಮೇಲೆ ಬಡ್ತಿ ಬಂತು. ಆಮೇಲೆ ಎಷ್ಟೋ ಕಾಳಗಗಳಲ್ಲಿ ಸರಿಯಾದ ಆಜ್ಞೆಗಳನ್ನೇ ಕೊಟ್ಟೆ, ಪುಟ್ಟಿ. ಆಡಬೇಕಿದ್ದ ಆ ಒಂದು ಮಾತನ್ನು ಮಾತ್ರ ಆಡಲಿಲ್ಲ.

ಬುಧವಾರ ಎದ್ದು ನಿಂತು, ತಪ್ಪು ನನ್ನದೆಂದು ಹೇಳಿಬಿಡು. ಹಡಗು ಕೈತಪ್ಪಬಹುದು, ಜೊತೆಯವರು ನಿನ್ನನ್ನು ದಾಟಿ ಮುಂದೆ ಹೋಗಬಹುದು. ಹೋಗಲಿ. ಆ ನಾವಿಕ ನಾಳೆಯೂ ನಿನ್ನ ಮಾತಿಗೆ ಚಕ್ರ ತಿರುಗಿಸುತ್ತಾನೆ, ಬೇಕಾದಾಗ ತಡೆದು ನಿಲ್ಲುತ್ತಾನೆ. ನಿನ್ನ ಕೈಲಿ ಇದು ಆಗುತ್ತದೆ ಎಂಬ ನಂಬಿಕೆ ನನಗಿದೆ.

ಸದಾ ನಿನ್ನ ಏಳಿಗೆಯನ್ನೇ ಬಯಸುವ,
ಅಜ್ಜ

ತಾ.ಕ.: ದಿನಚರಿಯನ್ನು ತಿದ್ದಬೇಕೆಂದು ನೌಕಾಪಡೆಯ ಕೇಂದ್ರ ಕಚೇರಿಗೆ ಬರೆದು, ಪದಕವನ್ನೂ ಜೊತೆಗಿಟ್ಟು ನಿನ್ನೆ ಅಂಚೆಗೆ ಹಾಕಿದ ಮೇಲೆಯೇ ನಿನಗೆ ಇದನ್ನು ಬರೆಯಲು ಕುಳಿತೆ. ಅದಕ್ಕೂ ಮೊದಲು, ಮೊನ್ನೆ, ಆ ಅರ್ಜಿಯನ್ನು ಚುಕ್ಕಾಣಿಗನಿಗೆ ಓದಿ ಹೇಳಿ ಬಂದೆ. "ಅಯ್ಯೋ, ಈಗ್ಯಾಕೆ ಸಾಹೇಬ್ರೇ ಇದೆಲ್ಲ, ಬಿಡಿ," ಎಂದು ಕೈ ಆಡಿಸಿದ. ಹೊರಡುವಾಗ ಬಾಗಿಲವರೆಗೂ ಬಂದು, ದನಿ ತಗ್ಗಿಸಿ, "ಅದರದೊಂದು ಪ್ರತಿ ಸಿಗುತ್ತಾ? ಮಗಳಿಗೆ ತೋರಿಸ್ಬೇಕಿತ್ತು," ಎಂದ.