ಮೂರನೆಯ ಏಟು

ಹಾ! ಮುಂದಿನ ಕುರ್ಚಿಗಳ ಹಿರಿಯರೇ, ಚಾಪೆಯ ಮೇಲೆ ಕಾಲು ಚಾಚಿದ ತಾಯಂದಿರೇ, ಕಡಲೆ ಜಗಿಯುತ್ತ ಹಿಂದೆ ನಿಂತ ಗಂಡಾಳುಗಳೇ, ಟಿಕೀಟು ಕೊಳ್ಳದೆ ತಗಡಿನ ಸಂದಿಗೆ ಕಣ್ಣಿಟ್ಟ ಮಹಾನುಭಾವರೇ! ಎಲ್ಲರೂ ಇತ್ತ ನೋಡಿ. ನೀವು ಕೂತ ಕಾಲಕ್ಕೂ ನಾನು ಕೂಗುವ ಕಾಲಕ್ಕೂ ನಡುವೆ ಆರು ತಲೆಮಾರಿನ ಪರದೆ ಬಿದ್ದಿದೆ. ಇಗೋ, ಅದನ್ನು ಎಳೆಸಿದೆ.

ಇಂದು ಎರಡು ಸಾವಿರದ ನೂರ ಎಪ್ಪತ್ತೊಂದನೆಯ ಇಸವಿ, ಬೇಗೆ ತಿಂಗಳ ನಲವತ್ತಾರನೆಯ ದಿನ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬಿಸಿಲು ಏಪ್ರಿಲನ್ನೂ ಮೇ ತಿಂಗಳನ್ನೂ ಒಂದೇ ತುತ್ತಿಗೆ ನುಂಗಿದ ಮೇಲೆ ನಾವು ಎರಡನ್ನೂ ಕೂಡಿಸಿ ಬೇಗೆ ಎಂದು ಕರೆದೆವು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಿ. ಕಾಲದ ಎದುರು ಈಜುವ ಅಂಚೆಯೊಂದು ನಮ್ಮಲ್ಲಿದೆ, ಅದರಲ್ಲಿ ಹಾಕಿದ ಮೂರು ಕಾಗದಗಳಲ್ಲಿ ಎರಡು ದಾರಿಯಲ್ಲೇ ಸುಟ್ಟುಹೋಗುತ್ತವೆ. ಇದು ಮೂರನೆಯದಾಗಿರಲಿ.

ನಾನು ಅಡಿವೆಪ್ಪ. ಗದಗ ಸೀಮೆಯ ಗುಡ್ಡಗಳ ಮೇಲೆ ನೀವು ನೆಟ್ಟು, ನಿಮ್ಮ ಮೊಮ್ಮಕ್ಕಳು ಎತ್ತರಿಸಿ, ಈಗ ತುಕ್ಕು ತಿಂದು ಓಲಾಡುತ್ತಿರುವ ಗಾಳಿಕಂಬಗಳನ್ನು ಕೆಡವುವವನು. ಕುತ್ತಿಗೆಯಿಂದ ಕೆಳಗೆ ನನ್ನ ಮೈ ಹುಟ್ಟಿದಂದಿನಿಂದ ಅಲುಗಿದ್ದಿಲ್ಲ. ನನ್ನವ್ವ ನಾಟಕ ಕಂಪನಿಯೊಂದರ ಅಡುಗೆಯವಳು. ರಂಗದ ಹಲಗೆಗಳ ಕೆಳಗೆ ತೊಟ್ಟಿಲು ಕಟ್ಟಿ ನನ್ನನ್ನು ಮಲಗಿಸುತ್ತಿದ್ದಳು. ನೆತ್ತಿಯ ಮೇಲೆ ರಾಜರು ಕುಣಿದರು, ಮಂತ್ರಿಗಳು ಸತ್ತರು, ಬಣ್ಣದ ಪುಡಿ ಸಂದಿಯಿಂದ ನನ್ನ ಬಾಯಿಗೆ ಬಿತ್ತು. ಹಾಗೆ ಬೆಳೆದ ನನಗೆ ದೇವರು ಒಂದು ಗಂಟಲು ಕೊಟ್ಟಿದ್ದ. ಇಪ್ಪತ್ತು ವರ್ಷ ಖಳನ ಪಾತ್ರ ಮಾಡಿದೆ. ನಾನು ಕುರ್ಚಿಯಲ್ಲಿ ಕೂತು ಗರ್ಜಿಸಿದರೆ, ನನ್ನ ಬೆನ್ನ ಹಿಂದೆ ನಿಂತ ದ್ಯಾಮವ್ವ ನನ್ನ ಕಂಕುಳಲ್ಲಿ ತನ್ನ ತೋಳು ತೂರಿಸಿ ನನ್ನ ಮೀಸೆ ತಿರುವುತ್ತಿದ್ದಳು, ನನ್ನ ಖಡ್ಗ ಎಳೆಯುತ್ತಿದ್ದಳು. ಹತ್ತು ನಿಮಿಷದಲ್ಲಿ ಜನ ಅವಳನ್ನು ಮರೆಯುತ್ತಿದ್ದರು. ಕಂಪನಿ ಮುಚ್ಚಿತು. ಅರ್ಧ ಮೈಲಿ ಕೇಳುವ ಗಂಟಲಿದೆ ಎಂದು ಗುಡ್ಡದವರು ನನ್ನನ್ನು ಕೆಡವುಗಾರನ ಕೆಲಸಕ್ಕೆ ಕರೆದರು.

ದ್ಯಾಮವ್ವ ನನ್ನ ಜೊತೆಗೈ. ಈ ಪದ ನಿಮ್ಮಲ್ಲಿಲ್ಲ. ನಮ್ಮ ಪ್ರತಿ ಓಣಿಯಲ್ಲೂ ಒಂದು ಆಸರೆಕಟ್ಟೆ ಇದೆ. ಕಣ್ಣು ಬೇಕಾದವರಿಗೆ ಕಣ್ಣು, ಕೈ ಬೇಕಾದವರಿಗೆ ಕೈ, ಕಿವಿ ಬೇಕಾದವರಿಗೆ ಕಿವಿ, ಬೇರೇನೂ ಬೇಡ ಪಕ್ಕದಲ್ಲಿ ಕೂತು ಕಾಯುವವರು ಸಾಕು ಎನ್ನುವವರಿಗೆ ಅಂಥವರು, ಅಲ್ಲಿಂದ ಜೊತೆಯಾಗುತ್ತಾರೆ. ನಲ್ಲಿಯ ನೀರಿನಂತೆ ಅದು ಊರಿನ ಜವಾಬ್ದಾರಿ, ದಾನವೆಂದು ಯಾರೂ ಕರೆಯುವುದಿಲ್ಲ. ಅದಕ್ಕೊಂದು ಕೈಕಟ್ಟಳೆ ಉಂಟು: ನನ್ನ ಮಾತಿನ ಮೇಲೆ ಜೊತೆಗೈ ಮಾಡಿದ್ದೆಲ್ಲ ನಾನೇ ಮಾಡಿದ್ದು. ಮನಸ್ಸಿಲ್ಲದಿದ್ದರೆ ಆಕೆ ಕೈ ಕಟ್ಟಿ ನಿಲ್ಲಬಹುದು, ಯಾಕೆಂದು ಕೇಳುವ ಹಕ್ಕು ನನಗಿಲ್ಲ. ಮೂವತ್ತೆರಡು ವರ್ಷದಲ್ಲಿ ದ್ಯಾಮವ್ವ ನಾಲ್ಕು ಸಲ ಕೈ ಕಟ್ಟಿದ್ದಾಳೆ. ಮೂರು ಸಲ ನಾನು ಸಾರಾಯಿ ಕೇಳಿದಾಗ, ಒಂದು ಸಲ ಮದುವೆಯಾದ ಹೆಂಗಸೊಬ್ಬಳಿಗೆ ಕಾಗದ ಬರೆಸಲು ಹೊರಟಾಗ.

ಕಂಬ ಕೆಡವುವುದು ಹೀಗೆ. ಬುಡವನ್ನು ಮುಕ್ಕಾಲು ಕೊಯ್ದು ಬೆಣೆ ತುರುಕುತ್ತಾರೆ. ಕಣ್ಣು ಕಾಣದ ಮುದುಕಿಯೊಬ್ಬಳು ಕಬ್ಬಿಣಕ್ಕೆ ಅಂಗೈ ಒತ್ತಿ, ಒಳಗಿನ ನಡುಕ ಎತ್ತ ಎಳೆಯುತ್ತಿದೆ ಎಂದು ಹೇಳುತ್ತಾಳೆ. ಕಿವಿ ಕೇಳದವರು ಬಾವುಟ ಹಿಡಿದು ದನ, ಜನ ತಡೆಯುತ್ತಾರೆ. ನಾಲ್ಕು ದಿಕ್ಕಿಗೆ ಹಗ್ಗ. ನಾಲ್ಕನೆಯ ಹಗ್ಗ ಕಟ್ಟುವವನು ಬಸಲಿಂಗ. ನಲವತ್ತು ದಾಟಿದ ಗಂಡಸು, ಬುದ್ಧಿ ಮಾತ್ರ ನಿಧಾನವಾಗಿ ನಡೆಯುತ್ತದೆ. ಒಂದೊಂದು ಗಂಟಿಗೂ ಬೈಯುತ್ತಾನೆ: "ಕೂತ್ಕೋ ಮಗನ, ಅಲ್ಲೇ ಕೂತ್ಕೋ, ಎದ್ದೀಯಂದ್ರ ನೋಡು!" ಅರ್ಧ ತಾಸು ಹಿಡಿಯಲಿ, ಮುಕ್ಕಾಲು ತಾಸು ಹಿಡಿಯಲಿ, ಎಲ್ಲರೂ ಕಾಯಬೇಕು. ಇದಕ್ಕೆ ನಿಧಾನಪಾಳಿ ಎನ್ನುತ್ತೇವೆ. ಎಲ್ಲರಿಗಿಂತ ನಿಧಾನದವನ ನಡಿಗೆಯೇ ಆ ದಿನದ ನಡಿಗೆ. ಮುಗಿಸಿ, ಕಂಬ ಬೀಳುವ ಜಾಗದಿಂದ ಹೊರಗೆ ಬಂದು ಅವನು ಎರಡೂ ಕೈ ಎತ್ತಬೇಕು. ಆಮೇಲೆ ಕೆಡವುಗಾರ, ಎಂದರೆ ನಾನು, ದ್ಯಾಮವ್ವನ ಕೈಯಿಂದ ಕೊನೆಯ ಬೆಣೆ ಬಡಿಯಬೇಕು. ಹನ್ನೊಂದು ವರ್ಷದಲ್ಲಿ ಅವನ ಒಂದು ಗಂಟೂ ಜಾರಿರಲಿಲ್ಲ.

ಈಗ ರಕ್ತದ ಅಂಕ. ಎಳೆಯ ಮಕ್ಕಳಿದ್ದರೆ ಹೊರಗೆ ಕಳಿಸಿ.

ಬೇಗೆಯ ಮೂವತ್ತೊಂಬತ್ತು, ಬೆಳಗಿನ ಒಂಬತ್ತು ಗಂಟೆ. ಗುತ್ತಿಗೆಯವರು ಹೊಸದಾಗಿ ಕಳಿಸಿದ ಮೇಸ್ತ್ರಿ ಕೆಂಚನಗೌಡನಿಗೆ ಬಿಸಿಲೇರುವ ಮೊದಲು ಏಳು ಕಂಬ ಬೀಳಬೇಕು. ನಾಲ್ಕನೆಯ ಕಂಬದ ಆಚೆ ಬದಿಗೆ, ಅದು ಬೀಳುವ ದಿಕ್ಕಿನಲ್ಲೇ, ಬಸಲಿಂಗ ಇನ್ನೂ ಗಂಟಿಗೆ ಬೈಯುತ್ತಿದ್ದ.

"ಏ ಅಡಿವೆಪ್ಪಾ, ಇನ್ನೆಷ್ಟೊತ್ತೋ ಅವನ ಹಗ್ಗದ ಪುರಾಣ?"

"ಅಂವ ಕೈ ಎತ್ತೂತನಾ ಬೆಣಿ ಬಡಿಯಂಗಿಲ್ರಿ ಗೌಡ್ರ."

"ಅಂವ ಕೈ ಎತ್ತೂದ್ರಾಗ ನನ್ನ ಮೀಸಿ ಬೆಳ್ಳಗ ಆಗ್ತಾವು."

"ಹೋಗಿ ಕರಿ ಹಚ್ಚಿಕೊಂಡು ಬರ್ರಿ, ಅಷ್ಟರಾಗ ಮುಗೀತೈತಿ," ಎಂದಳು ದ್ಯಾಮವ್ವ. ಸುತ್ತಲಿದ್ದವರು ನಕ್ಕರು. ಆ ನಗು ಅವನಿಗೆ ಚುಚ್ಚಿತು.

"ಕೈಗೆ ಬಾಯಿ ಯಾವಾಗ ಬಂತಲೇ?" ಎನ್ನುತ್ತ ಅವಳ ಕೈಯ ದೊಡ್ಡ ಸುತ್ತಿಗೆ ಕಸಿದುಕೊಂಡ. ಮೂರು ಹೆಜ್ಜೆ ನಡೆದ. ತಾನೇ ಬೆಣೆ ಬಡಿದ.

ಕಬ್ಬಿಣ ನರಳಿತು. ನಾನು ಎದೆ ಸೀಳುವಂತೆ ಕೂಗಿದೆ: "ಬಸಲಿಂಗಾ, ಓಡೋ!" ಅರ್ಧ ಮೈಲಿ ಕೇಳುವ ಗಂಟಲು ಅವನಿಗೂ ಕೇಳಿಸಿತು. ಕೆಲಸ ಮುಗಿಯಿತೇ ಎಂದು ಕೇಳುತ್ತಿದ್ದೇನೆಂದು ತಿಳಿದ. ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ಎರಡೂ ಕೈ ಎತ್ತಿ ನಿಂತ. ಕಂಬ ಅವನ ಮೇಲೆ ಬಂತು. ಮಣ್ಣು ಆಳೆತ್ತರ ಹಾರಿತು. ಧೂಳು ಇಳಿದಾಗ ಕಬ್ಬಿಣದ ಈ ಬದಿಗೆ ಎರಡು ಅಂಗೈಗಳು ಮಾತ್ರ ಕಾಣುತ್ತಿದ್ದವು, ಬೆರಳು ಬಿಚ್ಚಿಕೊಂಡು.

ಕೆಂಚನಗೌಡ ಕೆಮ್ಮಿದ, ಸುತ್ತಿಗೆ ಬಿಸಾಡಿದ, ಅಂಗಿಯ ಧೂಳು ಕೊಡವಿದ. "ಹೋಗ್ಲಿ ಬಿಡ್ರೋ. ಕಟ್ಟೆಗೆ ಹೇಳಿ ಕಳಸ್ರಿ, ಅಂಥಾವ ಇನ್ನೊಬ್ಬ ಸಿಗ್ತಾನ. ಅರ್ಧ ಮನಷ್ಯಾಗ ಇಷ್ಟ್ಯಾಕ ಬಾಯಿ ಬಡ್ಕೋತೀರಿ?"

ಬಿದ್ದ ಸುತ್ತಿಗೆಯನ್ನು ದ್ಯಾಮವ್ವ ಎತ್ತಿಕೊಂಡಿದ್ದಳು. ನನ್ನ ಕಡೆ ನೋಡಿದಳು.

"ಹೊಡಿ," ಎಂದೆ.

ಕೂಗಲಿಲ್ಲ. ನನ್ನ ಬದುಕಿನಲ್ಲೇ ಅತಿ ಸಣ್ಣ ದನಿಯಲ್ಲಿ ಹೇಳಿದ ಮಾತದು, ಮೂವರ ಹೊರತು ಯಾರಿಗೂ ಕೇಳಿಸಲಿಲ್ಲ. ಮೊದಲ ಏಟು ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು, ಗೌಡ ಮಂಡಿಯೂರಿದ. ಸುತ್ತಿಗೆ ಮತ್ತೆ ಮೇಲೆದ್ದಿತು. ಆಗ ಅವನು ಬೇಡಿಕೊಂಡದ್ದು ದ್ಯಾಮವ್ವನನ್ನಲ್ಲ. ಒಂದೇ ಕೈ ಎತ್ತಲು ಬರುತ್ತಿತ್ತು, ಅದನ್ನು ನನ್ನತ್ತ ಚಾಚಿದ. "ಅಡಿವೆಪ್ಪಾ, ಸಾಕನ್ನೋ! ನಿನ್ನ ಕಾಲಿಗೆ ಬೀಳ್ತೀನಿ, ಸಾಕನ್ನೋ!" ನಾನು ತುಟಿ ಬಿಗಿಹಿಡಿದೆ. ಎರಡನೆಯದು ಪಕ್ಕೆಗೆ. ಬಾಯಿಂದ ರಕ್ತ ಗುಳ್ಳೆಗುಳ್ಳೆಯಾಗಿ ಬಂತು, ಅದರ ನಡುವೆಯೂ ನನ್ನ ಹೆಸರನ್ನೇ ಕರೆಯಲು ನೋಡಿದ. ನಾನು ಸುಮ್ಮನಿದ್ದೆ. ಮೂರನೆಯದು ತಲೆಗೆ. ಆಮೇಲೆ ಕರೆಯುವವರು ಯಾರೂ ಇರಲಿಲ್ಲ.

ಇಲ್ಲಿ ಬರೆಯುವ ಕೈ ನಿಂತಿತು. ಈ ಕೈ ಹೊಸದು, ಕಟ್ಟೆಯವರು ತಾತ್ಕಾಲಿಕವಾಗಿ ಕೊಟ್ಟ ಮಾಬುಸಾಬನದು. ಐವತ್ತೈದರ ಸಭ್ಯಸ್ಥ. "ಇದನ್ನೂ ಬರೀಬೇಕೇನ್ರಿ?" ಎಂದು ಕೇಳುತ್ತಿದ್ದಾನೆ. ಬರಿ ಮಾರಾಯಾ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಡುಕ ಅವನದು, ಮಾತು ನನ್ನದು.

ನಲವತ್ಮೂರನೆಯ ದಿನ ನ್ಯಾಯದ ಚಾವಡಿ ಸೇರಿತು. ಐವರು ಹಿರಿಯರು, ಕಿಕ್ಕಿರಿದ ಜನ, ನಾಟಕಕ್ಕೆ ಬಂದಂತೆ. ದ್ಯಾಮವ್ವ ಎದ್ದು ನಿಂತು ಹೇಳಿದಳು: "ಮೂರೂ ಏಟು ನನ್ನವ್ರಿ. ಅಡಿವೆಪ್ಪಣ್ಣ ಬಾಯಿ ತಗದಿಲ್ಲ." ಐವರ ನಡುವೆ ಕೂತ ಮುಖ್ಯ ಹಿರಿಯಳು ಒಳ್ಳೆಯವಳೇ, ಕಣ್ಣಲ್ಲಿ ಕರುಣೆ ತುಂಬಿಕೊಂಡು ನನ್ನನ್ನು ನೋಡಿದಳು. "ಪಾಪ, ಮೂಗಿನ ಮ್ಯಾಲಿನ ನೊಣ ಹೊಡ್ಕೊಳ್ಳಾಕ ಆಗದಂವ. ಅಂವ ಏನ್ ಮಾಡ್ಯಾನು?" ಇಡೀ ಚಾವಡಿ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು: ಪಾಪ! ಸ್ವಾಮಿ, ಕೆಂಚನಗೌಡ ಅರ್ಧ ಮನುಷ್ಯ ಎಂದದ್ದಕ್ಕೆ ಒಂದು ಜೀವ ಹೋಯಿತು. ಈ ತಾಯಿ ಅದನ್ನೇ ಅಂದಳು, ಪ್ರೀತಿಯಿಂದ ಅಂದಳು. ನಾನು ಬಾಯಿ ತೆರೆದೆ. ಬಾಯಾರಿದೆ ಎಂದುಕೊಂಡು ಗುಮಾಸ್ತ ಓಡಿ ಬಂದು ಲೋಟ ತುಟಿಗಿಟ್ಟ.

ನಾನು ನೀರು ಕುಡಿದೆ. ಕುಡಿದು ಸುಮ್ಮನಾದೆ. ನಿಮ್ಮ ಮುಂದೆ ಮುಚ್ಚಿಡುವುದಿಲ್ಲ, ಹೆದರಿದೆ. ಕೊಂದವರನ್ನು ನಾವು ಉಪ್ಪಿನ ಮೇರೆಗೆ ಅಟ್ಟುತ್ತೇವೆ. ಕಡಲು ನುಗ್ಗಿ ಹಿಂದೆ ಸರಿದ ಬಯಲು ಅದು, ಬದುಕಿರುವ ತನಕ ಅಲ್ಲಿ ಉಪ್ಪು ಕೆರೆಯಬೇಕು. ನನ್ನಂಥವನು ಅಲ್ಲಿಗೆ ಹೋದರೆ ಜೊತೆಗೈ ಕೊಡುತ್ತಾರೆಯೇ ಎಂದು ಆಮೇಲೆ ಗುಮಾಸ್ತನನ್ನು ಗುಟ್ಟಾಗಿ ಕೇಳಿದೆ. ಅವನು ದಪ್ಪ ಪುಸ್ತಕ ಮಗುಚಿ ಮಗುಚಿ ನೋಡಿದ. "ಅಂಥಾ ಕಲಮೇ ಇಲ್ರಿ ಅಡಿವೆಪ್ಪನವರ. ನಿಮ್ಮಂಥೋರು ಕೊಲಿ ಮಾಡ್ತೀರಿ ಅಂತ ಬರದೋರಿಗೆ ಹೊಳದಽ ಇಲ್ಲ." ನೂರು ವರ್ಷ ಕೂತು ಬರೆದ ಕಾನೂನು! ನಮಗೆ ಕುರ್ಚಿ ಉರುಳುವ ಇಳಿಜಾರು ಕಟ್ಟಿದರು, ಕೆಲಸ ಕೊಟ್ಟರು, ಹೆಸರು ಕೊಟ್ಟರು. ನಾವು ಪಾಪ ಮಾಡಬಲ್ಲೆವು ಎಂಬುದೊಂದು ಹೊಳೆಯಲಿಲ್ಲ.

ನಿನ್ನೆ ಗುತ್ತಿಗೆಯವರ ವಕೀಲ ಚಾವಡಿಗೆ ಅರ್ಜಿ ಹಾಕಿದ್ದಾನೆ. ಏಟು ಕೈಯದಾದರೆ ಕೆಲಸವೂ ಕೈಯದೇ ಅಲ್ಲವೇ? ಹಾಗಿದ್ದರೆ ಕಂಬ ಕೆಡವಿದ್ದು ಅಡಿವೆಪ್ಪ ಹೇಗಾದಾನು? ಜೊತೆಗೈ ಇಟ್ಟುಕೊಂಡು ದುಡಿಯುವ ನಲವತ್ತೊಂದು ಜನರ ಹೆಸರನ್ನು ಕೆಲಸಗಾರರ ಪಟ್ಟಿಯಿಂದ ತೆಗೆಯಬೇಕು, ಕಟ್ಟೆಯಲ್ಲಿ ಕೂರಿಸಿ ಊಟ ಹಾಕಿದರೆ ಸಾಕು ಎಂದು ಬರೆದಿದ್ದಾನೆ. ನಾಳೆ ದ್ಯಾಮವ್ವನ ಮೇಲೆ ತೀರ್ಪಾದರೆ ನಾಡಿದ್ದು ಈ ಅರ್ಜಿಗೆ ಸಹಿ ಬೀಳುತ್ತದೆ. ಅವಳ ಸುಳ್ಳು ನನ್ನನ್ನು ಉಳಿಸುತ್ತದೆ, ನಲವತ್ತೊಂದು ಜನರನ್ನು ಮತ್ತೆ ಮೂಲೆಗೆ ತಳ್ಳುತ್ತದೆ.

ಇಂದು ಮಧ್ಯಾಹ್ನ ಬಂದೀಖಾನೆಗೆ ಹೋಗಿದ್ದೆ. ಸರಳುಗಳಾಚೆ ಕೂತಿದ್ದಳು.

"ಹೊಸ ಕೈ ನಿನ್ನ ಮೀಸಿ ಸರಿ ತೀಡಿಲ್ಲಲ್ಲ," ಎಂದಳು.

"ದ್ಯಾಮಿ, ನಾ ಹೇಳಿದ್ದು ಒಂದ. ಮೂರು ಯಾಕ ಹೊಡದಿ?"

ಸರಳಿಗೆ ಹಣೆ ಆನಿಸಿದಳು. "ಒಂದಕ್ಕ ನಿನ್ನ ಮಾತಿತ್ತು. ಆಮ್ಯಾಲೆ ಸಾಕು ಅಂತೀಯೇನಂತ ಕಿವಿ ಕೊಟ್ಟೆ ಅಣ್ಣಾ. ನೀ ಅನ್ನಲಿಲ್ಲ."

"ಕೈ ಕಟ್ಟಬಹುದಿತ್ತಲ್ಲ ನೀನು?"

"ಕಟ್ಟಬಹುದಿತ್ತು. ಬಸಲಿಂಗ ದಿನಾ ನನ್ನ ಬುತ್ತ್ಯಾಗ ಉಣ್ತಿದ್ದ." ಮತ್ತೆ ತಲೆ ಎತ್ತಿದಳು. "ಸುಮ್ನಿರು ನೀ. ಅಲ್ಲಿ ನಿನಗ ನೀರು ಕುಡಸೋರು ಯಾರು?"

ಕುರ್ಚಿ ತಿರುಗಿಸಲು ಮಾಬುಸಾಬನಿಗೆ ಹೇಳಿದೆ. ಒಂದು ಮಾತಿಗೆ ಅರ್ಧ ಮೈಲಿ ಜನರನ್ನು ನಿಲ್ಲಿಸುವ ನಾನು ಎರಡು ಏಟುಗಳ ಹೊತ್ತು ಬಾಯಿ ಮುಚ್ಚಿದ್ದೆ. ಆ ಹೊತ್ತಿನಲ್ಲಿ ನನ್ನನ್ನು ಪೂರ್ತಿ ಮನುಷ್ಯನೆಂದು, ಕೊಲ್ಲಬಲ್ಲವನೆಂದು, ಬಿಡಬಲ್ಲವನೆಂದು ತಿಳಿದು ಬೇಡಿಕೊಂಡವನು ಒಬ್ಬನೇ. ಅವನನ್ನು ನಾನು ಕೊಂದೆ.

ಆದ್ದರಿಂದ, ಪರದೆಯ ಆಚೆಯ ಜನರೇ, ನಿಮ್ಮಲ್ಲೊಂದು ಬೇಡಿಕೆ. ನಮ್ಮ ಆಸರೆಕಟ್ಟೆಯ ಮೊದಲ ಕಲ್ಲು ನಿಮ್ಮ ಕಾಲದಲ್ಲೇ ಬೀಳುತ್ತದೆ ಎಂದು ಕೇಳಿದ್ದೇನೆ. ನನ್ನಂಥವರಿಗೆ ಕೆಲಸ ಕೊಡಿ, ಜೊತೆ ಕೊಡಿ, ನಿಧಾನದವರಿಗಾಗಿ ಕಾಯುವುದನ್ನು ಕಲಿಯಿರಿ. ಆದರೆ ಕಾನೂನು ಬರೆಯಲು ಕೂತಾಗ ನಮ್ಮನ್ನು ದೇವರ ಮಕ್ಕಳೆಂದು ಬರೆಯಬೇಡಿ. ನಮ್ಮ ಸಿಟ್ಟಿಗೂ ಸುಳ್ಳಿಗೂ ಕೊಲೆಗೂ ಒಂದೊಂದು ಕಲಮು ಬರೆಯಿರಿ. ಜೊತೆಗೈಗೂ ಮನಸ್ಸಿದೆ ಎಂದು ಬರೆಯಿರಿ, ಅದರ ಪಾಲು ಅದಕ್ಕಿರಲಿ. ಅಯ್ಯೋ ಪಾಪ ಎಂದು ನಮ್ಮನ್ನು ಬಿಟ್ಟುಬಿಡಬೇಡಿ. ಹಾಗೆ ಬಿಟ್ಟರೆ ಮುಂದೆ ನಮ್ಮ ಕೈಯಿಂದ ಎಲ್ಲವನ್ನೂ ಕಸಿಯುವುದು ಸುಲಭವಾಗುತ್ತದೆ.

ಮಾಬುಸಾಬನಿಗೆ ಹೇಳಿಯಾಗಿದೆ. ನಾಳೆ ಬೆಳಗ್ಗೆ ಆರಕ್ಕೆ ಬಂದು ನನ್ನ ಮುಖ ತೊಳೆಸಬೇಕು, ಬಿಳಿ ಅಂಗಿ ತೊಡಿಸಬೇಕು, ಕುರ್ಚಿಯನ್ನು ಚಾವಡಿಯ ನಡುಮಧ್ಯಕ್ಕೆ ತಳ್ಳಬೇಕು. ಯಾರಾದರೂ ಲೋಟ ತಂದರೆ ಅದನ್ನು ಕೆಳಗೆ ಕೆಡವಬೇಕು, ಅದು ನನ್ನ ಅಪ್ಪಣೆ. ಹಿರಿಯಳು ತೀರ್ಪಿನ ಕಾಗದ ಬಿಡಿಸುವ ಮೊದಲೇ ಗುಡ್ಡದ ಆಚೆಗೂ ಕೇಳುವಂತೆ ಕೂಗುತ್ತೇನೆ: ಮೊದಲ ಏಟು ನನ್ನ ಮಾತು, ಉಳಿದೆರಡು ನನ್ನ ಮೌನ, ಕೆಂಚನಗೌಡನನ್ನು ಕೊಂದವನು ಅಡಿವೆಪ್ಪ. ಕಲಮು ಇಲ್ಲವೆಂದರೆ ಅಲ್ಲೇ ಕೂತು ಬರೆಯಿರಿ ಎನ್ನುತ್ತೇನೆ. ಅವರು ಬರೆದು ಮುಗಿಸುವವರೆಗೆ ನನ್ನ ಕುರ್ಚಿಯನ್ನು ಅಲ್ಲಿಂದ ಕದಲಿಸಗೊಡುವುದಿಲ್ಲ.