ಕಲಬುರಗಿಗೇ ಹೋಗ್ತೀನಿ ಅಂದೆ

ಜೂನ್ 11, 2016. ಭೀಮರಾಯನಗುಡಿ ಕ್ಯಾಂಪ್

ಹಿಟ್ಟು ನಾದಿ ಕೊಟ್ಟೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಕಾಲುವೆ ಗೇಟಿಗೆ ಗ್ರೀಸ್ ಹಚ್ಚಲು ಹೋದ ಅಪ್ಪ ಇನ್ನೂ ಬಂದಿಲ್ಲ. ನೀರಾವರಿ ಇಲಾಖೆಯಲ್ಲಿ ಅವನ ನೌಕರಿಯೇ ಅದು, ಗೇಟು ಎತ್ತುವುದು, ಇಳಿಸುವುದು.

ಹೈದರಾಬಾದಿನ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಎಂ.ಎ. — ಶಾಂತಿ ಮತ್ತು ಸಂಘರ್ಷ ಪರಿಹಾರ. ಕಲಬುರಗಿಯ ಸಣ್ಣ ಕಾಲೇಜಿನಲ್ಲೂ ಅದೇ ಕೋರ್ಸಿಗೆ ಅರ್ಜಿ ಹಾಕಿದ್ದೆ. ಸಂದರ್ಶನ ಬಾಕಿ. ಇನ್ನು ಅದು ಬೇಡ ಅಂತ ಅಪ್ಪ.

ಅಯ್ಯಣ್ಣ ಕಾಕಾ ಶಹಾಪುರ ಬಸ್ ಸ್ಟ್ಯಾಂಡ್ ಎದುರು ತನ್ನ ಚಹಾ ಅಂಗಡಿಗೆ ಬ್ಯಾನರ್ ಕಟ್ಟಿಸಿದ್ದಾನಂತೆ. ನನ್ನ ಫೋಟೊ, ಕೆಳಗೆ ಹೈದರಾಬಾದ ಅಂತ ದಪ್ಪಕ್ಷರ. ಶಾಂತಿ ಓದಿದರೆ ಏನು ಕೆಲಸ ಸಿಗುತ್ತದೆ ಅಂತ ಯಾರೂ ಕೇಳುತ್ತಿಲ್ಲ. ಹೈದರಾಬಾದ ಅಂದರೆ ಸಾಕು.

ಜೂನ್ 19. ರೈಲಿನಲ್ಲಿ, ಯಾದಗಿರಿ ಹತ್ತಿರ

ಹೈದರಾಬಾದಿನಲ್ಲಿ ಹೊಸಬರಿಗಾಗಿ ಒಂದು ದಿನ ಕ್ಲಾಸ್ ಇಟ್ಟಿದ್ದರು. ಕೂತೆ. ಎಲ್ಲರೂ ಒಳ್ಳೆಯವರು. ಎಲ್ಲ ಇಂಗ್ಲಿಷ್, ಅದೂ ಓಡುವ ಇಂಗ್ಲಿಷ್. ಶಹಾಪುರದಲ್ಲಿ ಕನ್ನಡದಲ್ಲಿ ಬಿ.ಎ. ಬರೆದವಳು ನಾನು. ಬೋರ್ಡಿನ ಮೇಲಿದ್ದದ್ದು ಓದಲು ಬಂತು. ಬಾಯಿಂದ ಬಂದದ್ದು ಹಿಡಿಯಲು ಆಗಲಿಲ್ಲ.

ಚಹಾ ಹೊತ್ತಿಗೆ ಒಬ್ಬಳು ನಗುತ್ತ ಏನೋ ಕೇಳಿದಳು. ಯೆಸ್ ಅಂದೆ. ಆಕೆ ಕಾಯುತ್ತ ನಿಂತಳು. ಯೆಸ್ ಅನ್ನುವ ಪ್ರಶ್ನೆ ಅದಲ್ಲ ಅಂತ ಆಗ ತಿಳಿಯಿತು.

ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ.

"ಹ್ಯಾಂಗಿತ್ತು, ಮಲ್ಲಿ?"

"ಛಲೋ ಇತ್ತು."

ಈಗ ಎದುರಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾನೆ. ಮುಖದಲ್ಲಿ ಏನು ಖುಷಿ...

ಜೂನ್ 24

ಅಜ್ಜಿಯ ಕಣ್ಣು ತೋರಿಸಲು ಅವ್ವ ಕಲಬುರಗಿಗೆ ಹೊರಟಳು. ನಾನೂ ಹೋದೆ. ಸಂದರ್ಶನದ ವಿಷಯ ಅವ್ವನಿಗೆ ಗೊತ್ತು. ಅಪ್ಪನಿಗೆ ಇಲ್ಲ.

ಊರ ಹೊರಗೆ ಕಾಲೇಜು. ಅಬ್ದುಲ್ ಕರೀಮ ಅನ್ನುವ ವಯಸ್ಸಾದ ಮೇಷ್ಟ್ರು. ಕೇಳಿದ್ದು ಒಂದೇ — "ನೀವು ಕಣ್ಣಾರೆ ಕಂಡ ಜಗಳ ಒಂದು ಹೇಳ್ರಿ. ಕನ್ನಡದಾಗೇ ಹೇಳ್ರಿ."

ಅಪ್ಪನಿಗೆ ಕಲ್ಲು ಬಿದ್ದದ್ದು ಹೇಳಿದೆ. ಎರಡು ವರ್ಷದ ಹಿಂದೆ. ಕಾಲುವೆಯ ಕೊನೆಯ ಹೊಲದವರು ಗೇಟು ತೆಗೆ ಅಂತ ಬಂದರು. ಅಪ್ಪ ತೆಗೆಯಲಿಲ್ಲ. ನಾನು ಬುತ್ತಿ ಹಿಡಿದು ದಂಡೆಯ ಮೇಲೆ ನಿಂತಿದ್ದೆ. ಅಪ್ಪನ ತಲೆಗೆ ಹೊಲಿಗೆ ಬಿತ್ತು. ಆಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಿಲ್ಲ. ನಾನೂ. ಅಲ್ಲಿ ಮಾತ್ರ ಹೇಳುತ್ತಲೇ ಹೋದೆ. ಸರ್ ತರಿಸಿದ ಚಹಾ ತಣ್ಣಗಾಯಿತು.

ಸರ್ ಕೇಳಿದರು, "ಹೊಡದವರಿಗೆ ಏನ ಬೇಕಾಗಿತ್ರಿ?"

ನೀರು ಅನ್ನಲು ಹೋದೆ. ತಡೆದೆ. ಅವರನ್ನು ಯಾರಾದರೂ ಕೇಳಿದ್ದರೇ? ಗೊತ್ತಿಲ್ಲ ಅಂದೆ. "ಅದ ಇಲ್ಲಿ ಕಲಿಯೋದು" ಅಂದರು. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು. ಸೀಟು ಕೊಟ್ಟರು.

ಬಸ್ಸಿನಲ್ಲಿ ಅವ್ವ ನನ್ನ ಮುಖ ನೋಡಿ — "ಮಾರಿಗಿ ಕಳಿ ಬಂದದ ನಿಂದು. ಅಪ್ಪಗ ನೀನ ಹೇಳು. ನಾ ಹೇಳೂದಿಲ್ಲ."

ಜೂನ್ 25

ಹೇಳಿದೆ.

"ಹೈದರಾಬಾದ ಬಿಟ್ಟು? ಕಲಬುರಗಿಗಿ ಮಂದಿ ದವಾಖಾನಿಗಿ ಹೋಗ್ತಾರ!"

"ಅಲ್ಲಿ ಏನೂ ತಿಳೀಲಿಲ್ಲಪ್ಪಾ."

"ಅಂಜಿದೇನು?"

"ಅಂಜೀನಿ."

"ಅಂಜಿದ್ರ ಅಲ್ಲೇ ಹೋಗು. ಅಂಜಿಕಿ ಹೋಗ್ತದ."

ಅವನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅಳು ಬಂತು. "ಅಲ್ಲಿ ಎರಡು ವರ್ಷ ಬಾಯಿ ಮುಚ್ಚಿ ಕೂಡ್ತೀನಿ. ಇಲ್ಲಿ ಮಾತಾಡ್ತೀನಿ. ಕಲಬುರಗಿಗೇ ಹೋಗ್ತೀನಿ."

ಚಪ್ಪಲಿ ಮೆಟ್ಟಿ ಹೊರಟೇ ಹೋದ.

ಜೂನ್ 29

ಇಷ್ಟು ದಿನ ಮಾತಿಲ್ಲ. ಇವತ್ತು ಅಪ್ಪ ಉಂಡು ಕೈ ತೊಳೆದು ನನ್ನ ಹತ್ತಿರ ಬಂದು ಕೂತ.

"ಏನ್ ಕೇಳಿದ್ರು ಅಲ್ಲಿ?"

ಹೇಳಿದೆ. ಕಲ್ಲಿನದೂ ಹೇಳಿದೆ. ಅವನ ಕೈ ತನ್ನಷ್ಟಕ್ಕೆ ತಲೆಯ ಗಾಯದ ಗುರುತಿಗೆ ಹೋಯಿತು.

"ಅವರ ಹತ್ತಿ ಬಾಡಾಕತ್ತಿತ್ತು ಮಲ್ಲಿ. ಗೇಟಿನ ಕೀಲಿ ನನ್ನ ಕಡಿ ಇತ್ತು, ತೆಗಿಯಾಕ ಮ್ಯಾಲಿನವರ ಆರ್ಡರ್ ಇರಲಿಲ್ಲ. ನಾ ಅವರ ಜಾಗಾದಾಗ ಇದ್ದಿದ್ರ ನಾನೂ ಕಲ್ಲು ತಗೋತಿದ್ನೇನೋ." ಗುರುತಿನಿಂದ ಕೈ ತೆಗೆದ. "ಯಾರ ಮುಂದೂ ಹೇಳಿದ್ದಿಲ್ಲ. ಯಾರೂ ಕೇಳಲಿಲ್ಲ."

ಬಾಗಿಲಲ್ಲಿ ಅವ್ವ ಪಾತ್ರೆ ಹಿಡಿದು ನಿಂತೇ ಇದ್ದಳು.

ಏಳುವಾಗ ಅಂದ — "ಆ ಮೇಷ್ಟ್ರು ಛಲೋ ಇರಬೇಕು. ಹೋಗು ಅಲ್ಲಿಗೇ."

ಎದೆಯ ಮೇಲಿನ ಚೀಲ ಯಾರೋ ಇಳಿಸಿದ ಹಾಗೆ. ಎರಡು ರೊಟ್ಟಿ ಹೆಚ್ಚು ತಿಂದೆ.

ಜುಲೈ 3

ಕಾಕಾ ಫೋನಿನಲ್ಲಿ ಬೈದ. "ನನ್ನ ಮಾನ ಕಳದಿ!" ನಗುತ್ತಲೂ ಇದ್ದ. ಮಳೆ ಶುರುವಾಗಿದೆ, ಬ್ಯಾನರ್ ಬಿಚ್ಚಿ ಅಂಗಡಿಯ ತಗಡಿಗೆ ಹೊದಿಸಿದ್ದಾನಂತೆ. ನನ್ನ ಮುಖ ಆಕಾಶ ನೋಡುತ್ತ ನೆನೆಯುತ್ತಿದೆ.

ಜುಲೈ 18. ಕಲಬುರಗಿ, ಹಾಸ್ಟೆಲ್

ಮೊದಲ ಕ್ಲಾಸ್. ಇಲ್ಲೂ ಪುಸ್ತಕ ಇಂಗ್ಲಿಷೇ. ಅರ್ಧ ತಾಸು ತಲೆ ಬಗ್ಗಿಸಿ ಕೂತೆ. ಆಮೇಲೆ ಕೈ ಎತ್ತಿದೆ.

"ಸರ್, ತಿಳೀಲಿಲ್ರಿ."

"ಎಲ್ಲಿಂದ?"

"ಮೊದಲಿಂದ್ರಿ."

ಯಾರೋ ನಕ್ಕರು. ಹಿಂದಿನ ಬೆಂಚಿನಿಂದ ಇನ್ನೊಬ್ಬಳು — "ನಮಗೂ ಸರ್." ಸುರಪುರದವಳಂತೆ, ಬಾಲಮ್ಮ. ಈಗ ಪಕ್ಕದ ಮಂಚದ ಮೇಲೆ ಕೂತು ಜಡೆ ಬಿಚ್ಚುತ್ತಿದ್ದಾಳೆ.

ಕರೀಮ ಸರ್ ಬೋರ್ಡ್ ಪೂರ್ತಿ ಒರೆಸಿದರು. ಕನ್ನಡದಲ್ಲಿ ಹೊಸದಾಗಿ ಶುರು ಮಾಡಿದರು. ಮರೆಯುವ ಮುಂಚೆ ಬರೆದಿಡುತ್ತೇನೆ. ಸಂಘರ್ಷ ಅಂದರೆ —