ಬೈರಿಗೆ ಮತ್ತು ಶಿವದಾರ

ಪುಕೆಕೊಹೆ,
ಶುಕ್ರವಾರ, 27 ಅಕ್ಟೋಬರ್ 2017

ಮಗನೇ ಬಸವಕಿರಣ,

ಹಿಮದ ಮೇಲೆ ಮಲಗಿ ಏಳುವ ನಿನ್ನನ್ನು ಶಿವ ಬೆಚ್ಚಗಿಟ್ಟಿರಲಿ ಎಂದು ಹರಸಿ ನಿನ್ನ ಅವ್ವ ಬರೆಯುತ್ತಿದ್ದೇನೆ. ಮೊದಲು ಮೈ ಹೇಗಿದೆ ತಿಳಿಸು. ಕೈಬೆರಳು, ಕಾಲ್ಬೆರಳು, ಕಿವಿ, ಮೂಗು ಎಲ್ಲ ನೆಟ್ಟಗಿವೆಯೇ? ತುಟಿ ಒಡೆದು ರಕ್ತ ಬರುತ್ತದೆ ಎಂದಿದ್ದೆ. ತುಪ್ಪ ಹಚ್ಚು. ದಕ್ಷಿಣ ಧ್ರುವದ ಚಳಿಗೆ ತುಪ್ಪ ಕಲ್ಲಾಗುತ್ತದೆ ಎಂದು ನೆಪ ಹೇಳಬೇಡ, ಅಂಗೈಯಲ್ಲಿ ತಿಕ್ಕಿದರೆ ಎಂಥದ್ದೂ ಕರಗುತ್ತದೆ. ಕಟ್ಟಿಕೊಟ್ಟ ಶೇಂಗಾ ಚಟ್ನಿ ಉಳಿದಿದೆಯೋ, ಜೊತೆಯವರಿಗೆ ಹಂಚಿ ಮುಗಿಸಿದೆಯೋ? ಹಂಚುವ ಕೈ ನಿನ್ನದು, ನನಗೆ ಗೊತ್ತು. ನನ್ನ ಮೊಣಕಾಲು ಇದ್ದಂತೆಯೇ ಇದೆ, ಅದನ್ನು ಬರೆದು ಕಾಗದ ಹಾಳುಮಾಡುವುದಿಲ್ಲ. ಅಲ್ಲೀಗ ಸೂರ್ಯ ಮುಳುಗುವುದೇ ಇಲ್ಲವಂತೆ, ನಿನ್ನ ವೈನಿ ಪ್ರಾಚಿ ಹೇಳಿದಳು. ಬೆಳಗಿನ ಪೂಜೆ ಯಾವುದು, ಸಂಜೆಯದು ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡ. ಎದ್ದಾಗ ಒಂದು, ಮಲಗುವ ಮುಂಚೆ ಒಂದು.

ನೀನು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಕೇಳಿದವರಿಗೆಲ್ಲ ‘ಸಮುದ್ರದ ನೀರಿನ ಪರೀಕ್ಷೆ’ ಎಂದೇ ಹೇಳುತ್ತ ಬಂದಿದ್ದೇನೆ. ಹೆಪ್ಪುಗಟ್ಟಿದ ಕಡಲಿನ ಮೇಲೆ ನಿಂತು, ಹಿಮದಲ್ಲಿ ತೂತು ಕೊರೆದು, ಗಾಳ ಇಳಿಸಿ, ಮೀನು ಹಿಡಿದು, ಅಳೆದು ತೂಗಿ ಮತ್ತೆ ನೀರಿಗೆ ಬಿಡುತ್ತಾರೆ ಎಂದು ಪೂರ್ತಿ ಹೇಳಹೋದರೆ, ನಮ್ಮ ಜನ ‘ಹಿಡಿದು’ ಎನ್ನುವಲ್ಲಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ. ‘ಬಿಡುತ್ತಾರೆ’ ಅವರಿಗೆ ಕೇಳಿಸುವುದೇ ಇಲ್ಲ. ಆದರೂ ನೀನು ಕಳಿಸಿದ ಫೋಟೋವನ್ನು ಇಲ್ಲಿನ ಕನ್ನಡದವರು ಪಾಪಕುರಾದಲ್ಲಿ ನಡೆಸಿದ ಭಜನೆಗೆ ಒಯ್ದಿದ್ದೆ. ಕೇಸರಿ ಜಾಕೆಟ್ ಹಾಕಿ, ಎದೆಮಟ್ಟದ ಪೆಟ್ರೋಲ್ ಬೈರಿಗೆಯ ಹಿಡಿಕೆ ಹಿಡಿದು, ಹಿಮದ ತೂತಿನ ಮೇಲೆ ಬಗ್ಗಿ ನಿಂತಿದ್ದೀಯ. ಜಾಕೆಟ್ಟಿನ ಕೊರಳಪಟ್ಟಿಯಿಂದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಹೊರಗೆ ಇಳಿಬಿದ್ದಿದೆ. ‘ನೋಡ್ರಿ, ಭೂಮಿ ತುದಿಗೆ ಹೋದ್ರೂ ನನ್ನ ಮಗ ಲಿಂಗ ಬಿಟ್ಟಿಲ್ಲ’ ಎಂದು ಎಲ್ಲರ ಕೈಗೂ ಕೊಟ್ಟೆ. ಮೈಸೂರಿನ ಕಾಮಾಕ್ಷಿಯವರಂತೂ, ‘ನಮ್ಮ ಹುಡುಗರು ಜನಿವಾರ ಎಲ್ಲಿಟ್ಟಿದ್ದಾರೋ ಅವರಿಗೇ ಗೊತ್ತಿಲ್ಲ ಕಣ್ರೀ ನೀಲಮ್ಮ, ನೀವು ಪುಣ್ಯವಂತರು’ ಅಂದರು. ಅವತ್ತು ಮನೆಗೆ ಬರುವಾಗ ರೈಲಿನಲ್ಲಿ ನಾನು ಯಾರ ಕಡೆಗೂ ನೋಡದೆ ನೆಟ್ಟಗೆ ಕುಳಿತು ಬಂದೆ. ಈಗ ಆ ಫೋಟೋ ಮೇಜಿನ ಮೇಲೆ ಇದೆ. ಮಗುಚಿ ಇಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ಗಾಬರಿಯಾಗಬೇಡ. ನಿನ್ನ ಅಣ್ಣ ನಂದೀಶ ಬದುಕಿದ್ದಾನೆ.

ಇಲ್ಲಿ ಅಕ್ಟೋಬರ್‌ನ ಲೇಬರ್ ಡೇ ರಜೆಗೆ ಊರೆಲ್ಲ ಟೊಮ್ಯಾಟೊ ಸಸಿ ನೆಡುತ್ತದಲ್ಲ, ನಂದೀಶನಿಗೆ ಈ ವರ್ಷ ಹೀರೇಕಾಯಿಗೆ ಗಟ್ಟಿ ಚಪ್ಪರ ಹಾಕಬೇಕೆಂಬ ಹುಕಿ ಬಂತು. ಕಂಬ ನೆಡುವ ಗುಂಡಿಗಳಿಗಾಗಿ ಬೇಲಿಯಾಚೆಯ ಬಾಲು ಅಂಕಲ್ ತಮ್ಮ ಪೆಟ್ರೋಲ್ ಬೈರಿಗೆಯನ್ನು ಯೂಟ್ ಗಾಡಿಯ ಹಿಂದೆ ಹೇರಿಕೊಂಡು ತಂದರು. ಅಜ್ಜನ ಕಾಲದಿಂದ ಇಲ್ಲಿ ಈರುಳ್ಳಿ ಬೆಳೆದ ಗುಜರಾತಿ ಮನೆತನ ಅವರದು. ಮಷಿನ್ನೂ ಅಜ್ಜನ ಕಾಲದ್ದೇ ಇರಬೇಕು. ಮಣ್ಣು ಕೊರೆಯುವುದು ಅದು, ನಿನ್ನದು ಹಿಮ ಕೊರೆಯುವುದು. ಸುರುಳಿ ಅಲಗು ಮಾತ್ರ ಒಂದೇ. ಅಂದು ಕಾರ್ತಿಕದ ಮೊದಲ ಸೋಮವಾರ. ‘ಇವತ್ತ ಬ್ಯಾಡೋ, ಪೂಜಿ ಮುಗಿಸಿ ಸುಮ್ನ ಕೂಡು’ ಎಂದೆ. ‘ಅವ್ವಾ, ರಜಾ ಕೊಟ್ಟಾಂವ ಶಿವ ಅಲ್ಲ, ಸರ್ಕಾರ. ಇವತ್ತ ಬಿಟ್ರ ಮುಂದ ಕ್ರಿಸ್‌ಮಸ್ಸೇ’ ಎಂದು ನಕ್ಕ. ಪೂಜೆಯಿಂದ ಎದ್ದವನು ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿಕೊಳ್ಳದೆ ಹಾಗೇ ಹಿತ್ತಲಿಗೆ ಹೋದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಒಂದೆರಡು ಗುಂಡಿ ಚೆನ್ನಾಗಿಯೇ ಆದವು. ಆಮೇಲೆ ಬೇರು ಅಡ್ಡ ಬಂತೋ ಏನೋ, ಬಗ್ಗಿ ನೋಡಿದ. ಕರಡಿಗೆಯ ದಾರ ಬೈರಿಗೆಗೆ ಸುತ್ತಿಕೊಂಡಿತು. ಯಾರೋ ಕಿವಿ ಹಿಡಿದು ಎಳೆದಂತೆ ಅವನ ತಲೆ ಆ ತಿರುಗುವ ಕಬ್ಬಿಣದ ಕಡೆಗೆ ಹೋಯಿತು. ಕಿಟಕಿಯ ಗಾಜು ಬಡಿದೆ, ಕಿರಣ. ಅಷ್ಟರಲ್ಲಿ ದಾರ ಫಟ್ಟನೆ ಹರಿಯಿತು, ಅವನು ಹಿಂದಕ್ಕೆ ಬಿದ್ದ. ಮಷಿನ್ ಮಾತ್ರ ಹಿಡಿದವರಿಲ್ಲದೆ ತನ್ನಷ್ಟಕ್ಕೆ ಗಿರಗಿರ ತಿರುಗಿ, ಬೇಲಿಗೆ ಬಡಿದು ನಿಂತಿತು.

‘ಬೆರಳು ಬಿಟ್ಟಿದ್ನಿ ಅವ್ವಾ, ಅದು ನಿಲ್ಲಲೇ ಇಲ್ಲ’ ಎಂದ. ಆ ದನಿ ಅವನದಾಗಿರಲಿಲ್ಲ. ಕೊರಳ ಸುತ್ತ ಕೆಂಪು ಬಾಸುಂಡೆ ಎದ್ದಿದೆ, ಹಿಂಭಾಗದಲ್ಲಿ ಚರ್ಮ ಸುಲಿದಿದೆ, ಮಾತು ಇನ್ನೂ ಒಡೆದ ಮಡಕೆಯಂತೆ ಬರುತ್ತಿದೆ. ಲಿಂಗ ಆ ಗುಂಡಿಯೊಳಗೇ ಬಿದ್ದಿತ್ತು. ಪ್ರಾಚಿಯೂ ನಾನೂ ಮೊಣಕಾಲೂರಿ ಕೆಂಪು ಮಣ್ಣನ್ನು ಕೈಯಿಂದ ತೋಡಿ ತೆಗೆದೆವು. ಕರಡಿಗೆ ಸೊಟ್ಟಗಾಗಿದೆ, ಲಿಂಗಕ್ಕೆ ಏನೂ ಆಗಿಲ್ಲ. ಬಾಲು ಅಂಕಲ್ ಬಂದು ಬೈರಿಗೆಗೆ ಸುತ್ತಿದ್ದ ದಾರದ ತುಂಡನ್ನು ಬಿಡಿಸಿ, ಬೆರಳಿನಲ್ಲಿ ತಿಕ್ಕಿ ನೋಡಿ, ‘ಹಳೇ ಕಾಟನ್, ಆಂಟಿ. ಅದಕ್ಕೇ ಇವನು ಇದ್ದಾನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದೂ ಅದೇ ಅರ್ಥದ ಮಾತು. ಚಪ್ಪರದ ಕೆಲಸ ಅಲ್ಲಿಗೇ ನಿಂತಿದೆ. ಗುಂಡಿ ಮುಚ್ಚುವುದಕ್ಕೂ ಯಾರೂ ಹೋಗಿಲ್ಲ. ಆಮೇಲೆ ಸುರಿದ ಮಳೆಗೆ ಅದು ತುಂಬಿ ನಿಂತಿದೆ, ಪಾತ್ರೆ ತೊಳೆಯುವಾಗೆಲ್ಲ ಕಣ್ಣಿಗೆ ಬೀಳುತ್ತದೆ.

ನಂದೀಶನದು ಹತ್ತಿಯ ಶಿವದಾರ. ನಿನ್ನದು ಹತ್ತಿಯದಲ್ಲ. ನೀನು ಹೊರಡುವ ಮುಂಚೆ ನಾನು ಯೋಚಿಸಿದ್ದು ಒಂದೇ: ಹತ್ತಿದಾರ ಹಿಮಕ್ಕೆ ನೆನೆದು ಸೆಟೆದು ಎಂದಾದರೂ ಹರಿದರೆ, ನೀನು ಕೊರೆದ ತೂತಿನೊಳಗೇ ಲಿಂಗ ಕಡಲು ಸೇರುತ್ತದೆ. ಮಣ್ಣಿನ ಗುಂಡಿಯಲ್ಲಾದರೆ ತೋಡಿ ತೆಗೆಯಬಹುದು, ಆ ಕಡಲಿನ ಬುಡಕ್ಕೆ ಇಳಿಯುವವರು ಯಾರು? ಲಿಂಗ ಹೋದ ಮೇಲೆ ಅಂಗ ಯಾಕೆ ಎಂದು ಕೇಳುವ ಮನೆತನ ನಮ್ಮದು. ಅದಕ್ಕೇ ಪ್ರಾಚಿಯ ಆಫೀಸಿರುವ ಒನೆಹುಂಗಾಕ್ಕೆ ಅವಳ ಜೊತೆ ಹೋಗಿ, ಹುಟ್ಟಿದಾಗಿನಿಂದ ಮೆಟ್ಟದ ಮೀನುಗಾಳದ ಅಂಗಡಿಯನ್ನು ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿದೆ. ಎಲ್ಲಕ್ಕಿಂತ ಗಟ್ಟಿ ನೈಲಾನ್ ದಾರ ಕೇಳಿದೆ. ಅಂಗಡಿಯವನು ನನ್ನ ಸೀರೆಯನ್ನೂ ವಿಭೂತಿಯನ್ನೂ ನೋಡಿ, ಏನು ಹಿಡಿಯುತ್ತೀರಿ ಎಂದು ಪ್ರಾಚಿಯನ್ನು ಕೇಳಿದ. ‘ದೇವರನ್ನು’ ಎಂದಳಂತೆ ಇವಳು. ‘ಹಾಗಾದರೆ ಇದನ್ನು ಒಯ್ಯಿರಿ, ಶಾರ್ಕ್ ಜೋತುಬಿದ್ದರೂ ಹರಿಯುವುದಿಲ್ಲ’ ಎಂದು ಕೊಟ್ಟ. ಮನೆಗೆ ತಂದು ಮೂರೆಳೆ ಹೆಣೆದೆ. ಅಷ್ಟು ಬಟ್ಟೆಗಳ ಒಳಗಿನಿಂದ ತೆಗೆದು, ಕೊರಳಿನಿಂದ ಕಳಚದೆಯೇ ಎಡಗೈಗೆ ತಂದುಕೊಂಡು ಪೂಜಿಸಲು ಆಗಲಿ ಎಂದು ಉದ್ದವಾಗಿಯೇ ಬಿಟ್ಟೆ. ಗಂಟು ಹಾಕಿ, ಮೇಣ ಹಚ್ಚಿ, ಲಿಂಗದ ಮೇಲೆ ಕೈ ಇರಿಸಿ ‘ತೆಗೆಯುವುದಿಲ್ಲ’ ಎಂದು ನಿನ್ನಿಂದ ಮಾತು ತೆಗೆದುಕೊಂಡೆ.

ಈಗ ನೀನು ಅಣ್ಣನಿಗೆ ಕೇಳಿದ ಪ್ರಶ್ನೆಗೆ ಬರುತ್ತೇನೆ. ಮುಂದಿನ ಶಿಬಿರಕ್ಕೆ ಈಗಿರುವ ಪೆಟ್ರೋಲ್ ಬೈರಿಗೆಯನ್ನೇ ಒಯ್ಯುವುದೋ, ಕ್ರೈಸ್ಟ್‌ಚರ್ಚ್‌ನಿಂದ ವಿಮಾನದಲ್ಲಿ ಬ್ಯಾಟರಿಯದನ್ನು ತರಿಸುವುದೋ, ಆರಿಸುವ ಹೊಣೆಯನ್ನು ತಂಡದವರು ನಿನಗೇ ಕೊಟ್ಟಿದ್ದಾರೆ. ತರಕಾರಿ ಪ್ಯಾಕ್‌ಹೌಸಿನಲ್ಲಿ ದಿನವೂ ಮಷಿನ್‌ಗಳ ಜೊತೆ ಗುದ್ದಾಡುವ ಅಣ್ಣನನ್ನು ನೀನು ಕೇಳಿದ್ದು ಸರಿಯೇ. ಹೋದ ವಾರ ಊಟಕ್ಕೆ ಕುಳಿತಾಗಲೆಲ್ಲ ಇದೇ ಚರ್ಚೆ. ಪೆಟ್ರೋಲಿನದಕ್ಕೆ ಬಲ ಹೆಚ್ಚು, ಆಳೆತ್ತರದ ಹಿಮವನ್ನು ಬೆಣ್ಣೆಯಂತೆ ಕೊರೆಯುತ್ತದೆ, ಬರಿದಾದರೆ ಮತ್ತೆ ತುಂಬಿದರಾಯಿತು. ಆದರೆ ಚಳಿಗೆ ಬೇಗ ಚಾಲೂ ಆಗುವುದಿಲ್ಲ, ಹಗ್ಗ ಎಳೆದು ಎಳೆದು ರಟ್ಟೆ ಸೋಲುತ್ತದೆ, ಒಂದು ಹನಿ ಪೆಟ್ರೋಲ್ ಹಿಮಕ್ಕೆ ಚೆಲ್ಲುವಂತಿಲ್ಲ, ತೂತಿನ ಮೇಲೆ ನಿಲ್ಲಿಸುವ ಗುಡಿಸಲಿನೊಳಗೆ ಓಡಿಸಿದರೆ ಹೊಗೆಗೆ ಉಸಿರು ಕಟ್ಟುತ್ತದೆ. ಬ್ಯಾಟರಿಯದು ಹಗುರ, ಹೊಗೆಯಿಲ್ಲ, ಸದ್ದು ಕಡಿಮೆ. ಆದರೆ ಆ ಚಳಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದಂತೆ, ಎಳೆಗೂಸಿನಂತೆ ಎದೆಗೆ ಅವುಚಿ ಇಟ್ಟುಕೊಳ್ಳಬೇಕಂತೆ. ‘ಪೆಟ್ರೋಲಿಂದೇ ಇರ್ಲಿ. ನಡು ಹಿಮದಾಗ ಬ್ಯಾಟರಿ ಸತ್ರ ಚಾರ್ಜರ್ ಕೇಳಾಕ ಪೆಂಗ್ವಿನ್ ಮನಿಗೆ ಹೋಗ್ತಾನೇನು?’ ಎಂದು ನಂದೀಶ ಭಾನುವಾರದವರೆಗೂ ವಾದಿಸುತ್ತಿದ್ದ. ಸೋಮವಾರದ ನಂತರ ಅವನು ಆ ಮಾತು ಎತ್ತಿಲ್ಲ.

ನನ್ನ ತೀರ್ಮಾನ ಇದು: ಬ್ಯಾಟರಿಯದನ್ನೇ ತರಿಸು. ಬೆರಳು ತೆಗೆದ ಕ್ಷಣ ಅದು ನಿಲ್ಲುತ್ತದಂತೆ. ಪೆಟ್ರೋಲಿನದಕ್ಕೆ ಒಳಗಿನ ತಂತಿ ಹಿಡಿದುಕೊಂಡರೆ ಬೆರಳು ಬಿಟ್ಟರೂ ತಿರುಗುತ್ತಲೇ ಇರುತ್ತದೆ. ಪುಕೆಕೊಹೆಯ ಎಳೆಬಿಸಿಲಿನಲ್ಲಿ ಹಿಡಿದುಕೊಂಡ ತಂತಿ ನಿನ್ನ ಚಳಿಯಲ್ಲಿ ಹಿಡಿಯದೆ ಇರುತ್ತದೆಯೇ? ನಾಲ್ಕು ತೂತು ಕಡಿಮೆಯಾದರೆ ಆಗಲಿ. ಮೀನುಗಳಿಗೇನೂ ಅವಸರವಿಲ್ಲ.

ಪ್ರಾಚಿಗೆ ಈ ತೀರ್ಮಾನ ಸಾಲದು. ‘ಅತ್ತಿ, ಬ್ಯಾಟರಿ ಇರ್ಲಿ ಪೆಟ್ರೋಲ್ ಇರ್ಲಿ, ತಿರುಗೂದು ತಿರುಗೇ ತಿರುಗ್ತದ. ಕೊಳ್ಳಾಗಿನ ದಾರ ತಗಿ ಅಂತ ಹೇಳ್ರಿ ಅವಂಗ’ ಎಂದಳು. ‘ನಿನ್ನ ರೊಟ್ಟಿ ಹೊತ್ತಾಕತ್ತದ, ಅದನ್ನ ನೋಡು’ ಎಂದೆ. ನಂದೀಶ ಮಂಗಳವಾರ ಆ ಒಡೆದ ದನಿಯಲ್ಲೇ ನಿನಗೆ ಫೋನ್ ಮಾಡಿದ್ದು ನನಗೆ ಗೊತ್ತಾಗಿದೆ. ದಾರ ತೆಗೆದಿಡು ಎಂದನಂತೆ. ‘ನಿನಗ ನೆಗಡಿ ಆಗೇದ, ಕಷಾಯ ಕುಡಿ. ಮಾತು ಕೊಟ್ಟದ್ದು ಅವ್ವಗ. ಅವ್ವ ತನ್ನ ಕೈಲೆ ಬರದು ಕಳಿಸಿದ್ರ ತಗೀತೀನಿ, ನೀ ಹೇಳಿದ್ರ ಅಲ್ಲ’ ಎಂದು ನೀನು ನಕ್ಕೆಯಂತೆ. ಬಿದ್ದದ್ದನ್ನು ಅವನು ನಿನಗೆ ಹೇಳಲೇ ಇಲ್ಲ, ಹೆದರುತ್ತೀಯೆಂದು. ಫೋನ್ ಇಟ್ಟು ಬಂದು ನನ್ನ ಮುಂದೆ ಕುಳಿತ. ಕೊರಳ ಗಾಯದ ಪಟ್ಟಿ ಬದಲಿಸಿಕೊಳ್ಳುತ್ತ ಕುಳಿತೇ ಇದ್ದ. ನಾನು ಎದ್ದು ಒಳಗೆ ಹೋದೆ. ನಿಮ್ಮಪ್ಪ ತೀರಿಕೊಂಡಾಗಲೂ ಈ ಮನೆಯಲ್ಲಿ ಒಂದು ನೇಮ ತಪ್ಪಲಿಲ್ಲ. ಯಂತ್ರಕ್ಕೆ ಹೆದರಿ ಲಿಂಗ ಇಳಿಸು ಎಂದು ನಾನು ಹೇಗೆ ಬರೆಯಲಿ? ಯಂತ್ರ ಬದಲಿಸು. ಕರಡಿಗೆಯನ್ನು ಒಳಗೆ ಸೇರಿಸಿ ಜಾಕೆಟ್ಟಿನ ಜಿಪ್ಪನ್ನು ಗದ್ದದವರೆಗೆ ಎಳೆ. ದುಡಿದು ಬೆವರಿದಾಗ ನೀನು ಜಿಪ್ ತೆರೆಯುವ ಪೈಕಿ, ಫೋಟೋದಲ್ಲಿ ನೋಡಿದ್ದೇನೆ. ಬೆವರಿದರೂ ತೆರೆಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು, ಒಬ್ಬನೇ ಎಲ್ಲಿಗೂ ಹೋಗಬೇಡ. ನಿನ್ನ ಕಾಲ ಕೆಳಗಿನ ನೀರು ಗಟ್ಟಿಯಾಗಿಯೇ ಇರಲಿ, ನಿನ್ನ ತಲೆಯ ಮೇಲೆ ಹಿರಿಯರ ಕೈ ಇರಲಿ. ಅಣ್ಣ ವೈನಿ ನಿನ್ನನ್ನು ನೆನೆಯುತ್ತಾರೆ.

ನಿನ್ನ ಅವ್ವ,
ನೀಲಮ್ಮ ನಾಗಲಿಂಗಪ್ಪ

ತಾ.ಕ.: ಶನಿವಾರ ಮಧ್ಯಾಹ್ನ. ಅಂಟಿಸಿದ ಕವರನ್ನು ಹರಿದು ಬರೆಯುತ್ತಿದ್ದೇನೆ. ನಿನ್ನ ಇಮೇಲ್ ಪ್ರಾಚಿ ಓದಿ ಹೇಳಿದಳು. ಹವೆ ಕೆಟ್ಟು ವಿಮಾನ ಹೊರಡಲಿಲ್ಲ, ಅಷ್ಟರಲ್ಲಿ ನೀನೇ ಹೇಳಿಕಳಿಸಿದ್ದ ಬ್ಯಾಟರಿಯದು ಬರಲಿಲ್ಲ, ನಾಳೆ ಬೆಳಿಗ್ಗೆ ಪೆಟ್ರೋಲಿನದನ್ನೇ ಕಟ್ಟಿಕೊಂಡು ಹಿಮದ ಶಿಬಿರಕ್ಕೆ ಹೊರಡುತ್ತೀರಿ. ‘ಅವ್ವಗ ಅಂಜಬ್ಯಾಡ ಅಂತ ಹೇಳ್ರಿ, ದಾರ ಕಬ್ಬಿಣದಂಗ ಐತಿ’ ಎಂದು ಬರೆದಿದ್ದೀಯ. ಅದಕ್ಕೇ ಅಂಜುತ್ತಿದ್ದೇನೆ, ಹುಚ್ಚಪ್ಪ. ನಿಮ್ಮಲ್ಲಿಗೆ ಫೋನ್ ಮಾಡಿಸಿದೆ. ಯಾರೋ ಎತ್ತಿ, ನೀನು ಸಾಮಾನು ಹೇರಲು ಹೊರಗೆ ಹೋಗಿದ್ದೀಯ, ತಿಳಿಸುತ್ತೇವೆ ಅಂದರು. ಅವ್ವನ ಕೈಬರಹವೇ ಬೇಕು ಎಂದೆಯಲ್ಲ, ಇದು ಅವ್ವನ ಕೈಬರಹ. ಪುಟದ ಫೋಟೋ ತೆಗೆದು ಕಳಿಸಲು ಪ್ರಾಚಿ ಪಕ್ಕದಲ್ಲೇ ನಿಂತಿದ್ದಾಳೆ. ನೀನು ಕೊಟ್ಟ ಮಾತನ್ನು ನಿನಗೆ ಹಿಂದಿರುಗಿಸಿದ್ದೇನೆ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಒಳಜೇಬಿನಲ್ಲಿಟ್ಟು ಬಾಯಿ ಹೊಲಿದುಕೋ. ಅದನ್ನು ತಪ್ಪೆಂದವರಿಗೆ ಉತ್ತರ ಕೊಡಲು ನಾನಿದ್ದೇನೆ. ದಾರ ಬಿಚ್ಚಲು ಹೋಗಿ ಹೊತ್ತು ಕಳೆಯಬೇಡ. ನಾನು ಹಾಕಿದ ಗಂಟು, ಬಿಚ್ಚುವುದಿಲ್ಲ. ಚಾಕು ತಗೋ.

ಮೇಲೆ ಬರೆದದ್ದು ಹೋಗಿ ಬಹಳ ಹೊತ್ತಾಯಿತು. ಉತ್ತರ ಬಂದಿಲ್ಲ. ಸಣ್ಣ ಅಕ್ಷರ, ಫೋಟೋದಲ್ಲಿ ಓದಲಾಗಲಿಲ್ಲವೋ ಏನೋ. ಬೇರೆ ಹಾಳೆಯಲ್ಲಿ, ಹಾಳೆ ತುಂಬ ದೊಡ್ಡದಾಗಿ ಒಂದೇ ಮಾತು ಬರೆದು ಮತ್ತೆ ಕಳಿಸುತ್ತಿದ್ದೇನೆ.

ಕತ್ತರಿಸು.